ನೆರೆಮನೆಯ ಮಗು ಕಡೆಗಣನೆಗೆ ಒಳಗಾಗಿದೆಯೇ? ಸುಮ್ಮನಿರಬೇಡಿ

ಸಂಜೆ ಏಳು ಗಂಟೆಯಾದರೂ ಪಕ್ಕದ ಮನೆಯ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಶಾಲೆಯ ಸಮವಸ್ತ್ರದಲ್ಲೇ ಕುಳಿತ ಆರು ವರ್ಷದ ಹುಡುಗಿ, ಅವಳ ಮಡಿಲಲ್ಲಿ ಹಸಿವಿನಿಂದ ಅಳುತ್ತಿರುವ ತಮ್ಮ. ಮೊದಲ ದಿನ ಬಿಸ್ಕತ್ತು ಕೊಟ್ಟು ಸಮಾಧಾನಪಡಿಸಿದ ಅಕ್ಕಪಕ್ಕದವರೇ ಎರಡನೆಯ ವಾರಕ್ಕೆ ‘ಅವರ ಮನೆಯ ವಿಷಯ ನಮಗೇಕೆ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ನಗರಗಳ ವಠಾರಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇಂತಹ ದೃಶ್ಯ ಅಪರೂಪವೇನಲ್ಲ.

ಹೀಗೆ ಹಿಂಜರಿಯಲು ಕಾರಣ ಎರಡು ಭಯಗಳು. ದೂರು ಕೊಟ್ಟರೆ ನೆರೆಯವರೊಡನೆ ಶಾಶ್ವತ ವೈರ ಕಟ್ಟಿಕೊಂಡಂತಾಗುತ್ತದೆ ಎಂಬುದು ಒಂದು. ಮಗುವನ್ನು ತಾಯಿಯಿಂದ ಕಿತ್ತುಕೊಂಡು ಬಾಲಮಂದಿರಕ್ಕೆ ಸೇರಿಸಿಬಿಡುತ್ತಾರೆ ಎಂಬುದು ಇನ್ನೊಂದು. ಕಾನೂನಿನ ವ್ಯವಸ್ಥೆಯನ್ನು ಅರಿತರೆ ಈ ಎರಡೂ ಭಯಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ.

ಕಾನೂನು ಏನು ಹೇಳುತ್ತದೆ?

ಹದಿನೆಂಟು ವರ್ಷ ತುಂಬದ ಎಲ್ಲರಿಗೂ ಅನ್ವಯಿಸುವ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರಲ್ಲಿ ರೂಪುಗೊಂಡು, 2016ರ ಜನವರಿ 15ರಂದು ಜಾರಿಗೆ ಬಂದಿತು. ತನ್ನನ್ನು ಕಡೆಗಣಿಸಿದ, ಹಿಂಸಿಸಿದ ಅಥವಾ ದುಡಿಸಿಕೊಂಡ ವ್ಯಕ್ತಿಯೊಡನೆ ವಾಸಿಸುವ ಮಗುವನ್ನು ಈ ಕಾಯ್ದೆ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’ ಎಂದು ಗುರುತಿಸುತ್ತದೆ. ಆ ವ್ಯಕ್ತಿ ಹೆತ್ತವರೇ ಆಗಿದ್ದರೂ ಇದು ಅನ್ವಯಿಸುತ್ತದೆ.

ಮಗುವಿನ ಹೊಣೆ ಹೊತ್ತವರು ಅದಕ್ಕೆ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಉದ್ದೇಶಪೂರ್ವಕವಾಗಿ ಕಡೆಗಣಿಸಿದರೆ 75ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಬಡತನ ಬೇರೆ, ಕಡೆಗಣನೆ ಬೇರೆ

ಹರಿದ ಅಂಗಿ, ಬರಿಗಾಲು, ಇಕ್ಕಟ್ಟಾದ ಮನೆ ಬಡತನದ ಗುರುತುಗಳು, ಅಪರಾಧದ ಗುರುತುಗಳಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೋ ಮನೆಗೆಲಸಕ್ಕೋ ಹೋಗುವ ತಾಯಿ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಬಿಟ್ಟುಹೋಗಿರಬಹುದು. ಇನ್ನೊಂದೆಡೆ, ಕಾರು, ಟಿ.ವಿ. ಎಲ್ಲವೂ ಇರುವ ಮನೆಯಲ್ಲೇ ಮಗು ದಿನವಿಡೀ ಕೋಣೆಯಲ್ಲಿ ಒಂಟಿಯಾಗಿ ಉಳಿಯಬಹುದು. ಆದ್ದರಿಂದ ಗಮನಿಸಬೇಕಾದದ್ದು ಮನೆಯ ಅಂತಸ್ತನ್ನಲ್ಲ, ಮಗುವಿನ ಸ್ಥಿತಿಯನ್ನು.

ಕೆಳಗಿನ ಲಕ್ಷಣಗಳು ಮತ್ತೆ ಮತ್ತೆ ಕಂಡುಬಂದರೆ ಎಚ್ಚೆತ್ತುಕೊಳ್ಳಬೇಕು:

* ಸದಾ ಹಸಿದಿರುವುದು, ನೆರೆಯವರ ಬಳಿ ಊಟ ಕೇಳುವುದು
* ಜ್ವರ, ಗಾಯವಾದರೂ ಚಿಕಿತ್ಸೆ ಸಿಗದಿರುವುದು
* ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಒಳಗೆ ಕೂಡಿಹಾಕಿ ಬೀಗ ಹಾಕುವುದು
* ಶಾಲೆ ಬಿಡಿಸಿ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಅಥವಾ ದುಡಿಯಲು ಹಚ್ಚುವುದು
* ಹಿರಿಯರು ಕುಡಿದು ಬಿದ್ದಿರುವಾಗ ಮಗುವೇ ಮನೆ ನಿಭಾಯಿಸುವುದು

ಮೊದಲು ಮಾತು

ಮಗುವಿಗೆ ತಕ್ಷಣದ ಅಪಾಯವಿಲ್ಲವೆಂದಾದರೆ ಮೊದಲ ಹೆಜ್ಜೆ ಮಾತುಕತೆಯೇ. ‘ನೀವು ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಅಕ್ಕಾ, ನೀವು ಬರುವುದು ತಡವಾದಾಗ ಮಗು ನಮ್ಮ ಮನೆಯಲ್ಲೇ ಇರಲಿ’ ಎಂದರೆ ಆಕೆ ತನ್ನ ಕಷ್ಟ ಹೇಳಿಕೊಳ್ಳಲು ದಾರಿಯಾಗುತ್ತದೆ. ಸಮೀಪದ ಅಂಗನವಾಡಿಯ ಮಾಹಿತಿ ನೀಡಬಹುದು. ಗಂಡನ ಹೊಡೆತಕ್ಕೆ ನಲುಗಿದ ತಾಯಿಯಾದರೆ ಮಹಿಳಾ ಸಹಾಯವಾಣಿ 181ರ ಬಗ್ಗೆ ತಿಳಿಸಬಹುದು. ಅಂಗನವಾಡಿ ಕಾರ್ಯಕರ್ತೆಯ ಅಥವಾ ಶಾಲೆಯ ಶಿಕ್ಷಕರ ಮಾತಿಗೆ ಕೆಲವೊಮ್ಮೆ ನೆರೆಯವರ ಮಾತಿಗಿಂತ ಹೆಚ್ಚು ಬೆಲೆಯಿರುತ್ತದೆ.

ಕಂಡದ್ದನ್ನು ದಿನಾಂಕ, ವೇಳೆಯೊಡನೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೇಳಿದ ಗಾಳಿಮಾತನ್ನೂ ಕಣ್ಣಾರೆ ಕಂಡದ್ದನ್ನೂ ಬೆರೆಸಬಾರದು.

ಪರಿಸ್ಥಿತಿ ಬದಲಾಗದಿದ್ದರೆ 1098

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಲಭ್ಯ; ಕರೆ ಉಚಿತ. 1996ರಲ್ಲಿ ಮುಂಬೈನಲ್ಲಿ ಆರಂಭವಾದ ಈ ಸೇವೆಯನ್ನು 2023ರಿಂದ ‘ಮಿಷನ್ ವಾತ್ಸಲ್ಯ’ ಯೋಜನೆಯಡಿ ಸರ್ಕಾರವೇ ನಡೆಸುತ್ತಿದ್ದು, ತುರ್ತು ಸಂಖ್ಯೆ 112ರೊಂದಿಗೆ ಜೋಡಿಸಲಾಗಿದೆ. ಕರೆ ಮಾಡುವವರು ಮಗುವಿನ ಅಂದಾಜು ವಯಸ್ಸು, ವಿಳಾಸ ಮತ್ತು ತಾವು ಕಂಡದ್ದನ್ನು ಹೇಳಿದರೆ ಸಾಕು, ಸಾಕ್ಷ್ಯ ಒದಗಿಸಬೇಕಾಗಿಲ್ಲ. ತಮ್ಮ ಹೆಸರನ್ನು ಗೋಪ್ಯವಾಗಿಡುವಂತೆ ಕೋರಬಹುದು.

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಾಹಿತಿ ನೀಡಬಹುದು. ಪ್ರತಿ ಪೊಲೀಸ್ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾಯ್ದೆ ವಿಧಿಸಿದೆ. ಮಗು ಪ್ರಜ್ಞೆ ತಪ್ಪಿದ್ದರೆ, ಹೊಡೆತಕ್ಕೆ ಸಿಕ್ಕಿದ್ದರೆ ಅಥವಾ ಬೀಗ ಹಾಕಿದ ಮನೆಯೊಳಗೆ ಅಪಾಯದಲ್ಲಿದ್ದರೆ ಮಾತುಕತೆಗೆ ಕಾಯದೆ ನೇರವಾಗಿ 112ಕ್ಕೆ ಕರೆ ಮಾಡಬೇಕು.

ಮುಂದೇನಾಗುತ್ತದೆ?

ಮಗುವನ್ನು ವಶಕ್ಕೆ ತೆಗೆದುಕೊಂಡರೆ, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಸಮಿತಿ ಕುಟುಂಬದ ಸಾಮಾಜಿಕ ಸ್ಥಿತಿಗತಿಯ ವರದಿ ತರಿಸಿಕೊಂಡು ನಿರ್ಧಾರ ಕೈಗೊಳ್ಳುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. ಮಗುವನ್ನು ಸಾಕುವ ಪ್ರಥಮ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಮಾರ್ಗ ಎಂಬುದೇ ಈ ಕಾಯ್ದೆಯ ಮೂಲತತ್ವ. ಹೆತ್ತವರಿಗೆ ಆಪ್ತಸಮಾಲೋಚನೆ ಕೊಡಿಸಿ, ಸಮಾಜ ಕಾರ್ಯಕರ್ತರ ಮೇಲ್ವಿಚಾರಣೆಯಲ್ಲಿ ಮಗುವನ್ನು ಅವರ ಬಳಿಯೇ ಬಿಡಲು ಸಮಿತಿಗೆ ಅವಕಾಶವಿದೆ. ವಿಧವೆಯರು, ಗಂಭೀರ ಕಾಯಿಲೆಯಿಂದ ನರಳುವ ಪೋಷಕರು ಮುಂತಾದವರ ಅರ್ಹ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ನೆರವು ದೊರೆಯುತ್ತದೆ. ಹಾಗಾಗಿ ಒಂದು ಕರೆ ಕುಟುಂಬವನ್ನು ಒಡೆಯುವ ಬದಲು ಉಳಿಸಲೂಬಹುದು.

ಇವನ್ನು ಮಾಡಬೇಡಿ

* ಮಗುವನ್ನು ನೀವೇ ಕರೆದುಕೊಂಡು ಹೋಗಿ ಬಚ್ಚಿಡಬೇಡಿ. ಉದ್ದೇಶ ಒಳ್ಳೆಯದಿದ್ದರೂ ಅಪಹರಣದ ಆರೋಪ ಬರಬಹುದು.
* ಫೋಟೊ, ವಿಡಿಯೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ರಕ್ಷಣೆಯ ಅಗತ್ಯವುಳ್ಳ ಮಗುವಿನ ಹೆಸರು, ವಿಳಾಸ, ಶಾಲೆ ಮುಂತಾದ ಗುರುತು ಬಹಿರಂಗಪಡಿಸುವುದು ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ.
* ನೀರು, ಪಾರ್ಕಿಂಗ್ ಜಗಳದ ಸೇಡಿಗೆ ಮಕ್ಕಳ ಹೆಸರಿನಲ್ಲಿ ಸುಳ್ಳು ದೂರು ಕೊಡಬೇಡಿ.

ಮೌನವೇ ಅಪರಾಧವಾಗುವ ಸಂದರ್ಭ

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ, ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ಅನುಭವಿಸಬೇಕಾದೀತು. ಸದುದ್ದೇಶದಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಕ್ರಮ ಜರುಗಿಸಲಾಗದು. ತಂದೆತಾಯಿಗಳು ತೊರೆದುಹೋದಂತೆ ಕಾಣುವ ಮಗುವಿನ ಬಗ್ಗೆಯೂ 24 ಗಂಟೆಯೊಳಗೆ ಮಾಹಿತಿ ನೀಡುವುದು ಬಾಲನ್ಯಾಯ ಕಾಯ್ದೆಯಡಿ ಕಡ್ಡಾಯ.

ಮಗುವಿಗೆ ದೂರು ಕೊಡಲು ಬಾರದು. ತನಗೆ ಸಿಗಬೇಕಾದದ್ದು ಸಿಗುತ್ತಿಲ್ಲ ಎಂಬುದೂ ಅದಕ್ಕೆ ತಿಳಿದಿರುವುದಿಲ್ಲ. ಅದರ ಪರವಾಗಿ ಮಾತನಾಡಬಲ್ಲವರು ಅದನ್ನು ದಿನನಿತ್ಯ ಕಾಣುವ ನೆರೆಹೊರೆಯವರು. ಬಿಸ್ಕತ್ತು ಆ ಸಂಜೆಯ ಹಸಿವನ್ನಷ್ಟೇ ನೀಗುತ್ತದೆ. ಮರುದಿನದ ಸಂಜೆಗಾಗಿ ಒಂದು ಮಾತು ಅಥವಾ ಒಂದು ಕರೆ ಬೇಕಾಗುತ್ತದೆ.