ನದಿಯ ಜ್ವರ, ನದಿಯ ಚಳಿ



ಬ್ರಿಸ್ಬೇನಿನ ಕನ್ನಡಿಗರಲ್ಲಿ ಬಹಳ ಜನ ನ್ಯೂ ಫಾರ್ಮ್‌ನ ಪವರ್‌ಹೌಸ್ ನೋಡಿರುತ್ತೀರಿ. ನದಿಯ ದಂಡೆಯಲ್ಲಿ ನಿಂತಿರುವ ದೊಡ್ಡ ಇಟ್ಟಿಗೆ ಕಟ್ಟಡ ಅದು. ಈಗ ಅಲ್ಲಿ ನಾಟಕ, ಸಂಗೀತ, ಹಾಸ್ಯ ಕಾರ್ಯಕ್ರಮಗಳು ನಡೆಯುತ್ತವೆ. 1928ರಲ್ಲಿ ಅದನ್ನು ಕಟ್ಟಿದ್ದು ಊರಿನ ಟ್ರಾಮ್ ಗಾಡಿಗಳಿಗೆ ಕರೆಂಟು ಕೊಡುವುದಕ್ಕೆ. 1969ರಲ್ಲಿ ಟ್ರಾಮ್‌ಗಳು ನಿಂತವು, 1971ರಲ್ಲಿ ಪವರ್‌ಹೌಸ್ ಬಾಗಿಲು ಹಾಕಿತು, 2000ದಲ್ಲಿ ಕಲಾಕೇಂದ್ರವಾಗಿ ಮತ್ತೆ ತೆರೆಯಿತು. ನಮಗೆ ಇನ್ನೂ ಹತ್ತಿರದ ಟೆನಿಸನ್‌ನಲ್ಲಿ, ಇವತ್ತು ಟೆನಿಸ್ ಅಂಗಣ ಇರುವ ಜಾಗದಲ್ಲೂ ಹಿಂದೆ ಇಂಥದ್ದೇ ಒಂದು ಸ್ಥಾವರವಿತ್ತು. ಅದೂ ನದಿಯ ಪಕ್ಕದಲ್ಲೇ. ಪರ್ತ್‌ನವರು ನೆನೆಸಿಕೊಳ್ಳಿ, 1916ರ ಈಸ್ಟ್ ಪರ್ತ್ ಪವರ್ ಸ್ಟೇಷನ್ ಸ್ವಾನ್ ನದಿಯ ದಂಡೆಯಲ್ಲಿದೆ. ಎಲ್ಲವೂ ನೀರಿನ ಪಕ್ಕವೇ ಏಕೆ?

ಕನ್ನಡಿಗರಿಗೆ ಈ ಪ್ರಶ್ನೆ ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮ ಕಲ್ಪನೆಯಲ್ಲಿ ಕರೆಂಟು ಎಂದರೆ ಬೀಳುವ ನೀರು. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಳು, 1948ರಲ್ಲಿ ಜೋಗದ ಶರಾವತಿ ಬಂದಳು. ಶಾಲೆಯ ಪಾಠದಲ್ಲಿ ನಾವು ಓದಿದ್ದೂ ಅದನ್ನೇ. ಆದರೆ ನ್ಯೂ ಫಾರ್ಮ್‌ನಂಥ ಕಲ್ಲಿದ್ದಲಿನ ಸ್ಥಾವರದಲ್ಲಿ ನೀರಿನ ಕೆಲಸವೇ ಬೇರೆ. ಬಚ್ಚಲ ಹಂಡೆಯ ಹಾಗೆ ನೀರು ಕಾಯಿಸುತ್ತಾರೆ, ಆವಿ ಚಕ್ರ ತಿರುಗಿಸುತ್ತದೆ. ಚಕ್ರ ತಿರುಗಿಸಿದ ಆವಿಯನ್ನು ತಣಿಸಿ ಮತ್ತೆ ನೀರು ಮಾಡಬೇಕು, ಇಲ್ಲದಿದ್ದರೆ ಯಂತ್ರದ ಕೆಲಸ ಸಾಗದು. ಆ ತಣಿಸುವ ಕೆಲಸಕ್ಕೆ ನದಿ ಬೇಕು. ಹಳೆಯ ಲೆಕ್ಕದಲ್ಲಿ, ಉರಿಸಿದ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಚಿಮಣಿಯಿಂದ ಹೋದರೆ ಬಹುಪಾಲು ನೀರಿಗೆ ಸೇರುತ್ತದೆ. ತೆಗೆದುಕೊಂಡ ನೀರನ್ನು ತೆಗೆದುಕೊಂಡಷ್ಟೇ ಸ್ವಚ್ಛವಾಗಿ ವಾಪಸು ಬಿಟ್ಟೆವು ಎಂದು ಇಂಜಿನಿಯರುಗಳು ಹೇಳುತ್ತಿದ್ದದ್ದು ಸುಳ್ಳೇನಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ವಿಷವಿಲ್ಲ. ಬೆಚ್ಚಗಿದೆ, ಅಷ್ಟೇ.

ಈ "ಅಷ್ಟೇ" ಮೀನಿಗೆ ಏನು ಮಾಡುತ್ತದೆ? ಬೆಚ್ಚಗಾದ ಸೋಡಾ ಬಾಟಲಿ ತೆರೆದರೆ ಗ್ಯಾಸೆಲ್ಲ ಬುಸ್ಸೆಂದು ಹೋಗುತ್ತದಲ್ಲ, ಹಾಗೆ ಬಿಸಿಯಾದ ನೀರು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. 10 ಡಿಗ್ರಿಯ ಒಂದು ಲೀಟರ್ ಸಿಹಿನೀರಿನಲ್ಲಿ 11 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಕರಗಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಇತ್ತ ಮೀನಿನ ಮೈ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು ಬೆಚ್ಚಗಾದಷ್ಟೂ ಅದರ ಉಸಿರಾಟ ಜೋರಾಗುತ್ತದೆ. ಖರ್ಚು ಹೆಚ್ಚಿದ ಹೊತ್ತಿಗೇ ಆದಾಯ ಕಡಿಮೆಯಾದ ಮನೆಯ ಸ್ಥಿತಿ. ಸ್ಥಾವರದ ಪಂಪು ಎಳೆದುಕೊಳ್ಳುವ ನೀರಿನ ಜೊತೆ ಮೊಟ್ಟೆಗಳೂ ಎಳೆಮರಿಗಳೂ ಒಳಗೆ ಹೋಗಿ ಬೇಯುವುದು ಬೇರೆ.

ಆದರೂ ಬಿಸಿನೀರಿಗೆ ಮೀನು ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಅಡಿಲೇಡಿನವರಿಗೆ ಇದು ಗೊತ್ತು. 1967ರಿಂದ ಕರೆಂಟು ಕೊಡುತ್ತ ಬಂದ ಟಾರೆನ್ಸ್ ಐಲೆಂಡ್ ಸ್ಥಾವರ ಪೋರ್ಟ್ ನದಿಯ ಉಪ್ಪುನೀರು ಎಳೆದು, ಬೆಚ್ಚಗೆ ಮಾಡಿ ಆಂಗಸ್ ಇನ್ಲೆಟ್ ಕಡೆಗೆ ಬಿಡುತ್ತದೆ. ಆ ಬೆಚ್ಚನೆಯ ಕಾಲುವೆಗೆ ಮೀನು ಬರುತ್ತವೆ, ಮೀನಿನ ಹಿಂದೆ ಡಾಲ್ಫಿನ್‌ಗಳು ಬರುತ್ತವೆ. 2005ರಲ್ಲಿ ಸರ್ಕಾರ ಈ ಪ್ರದೇಶವನ್ನು ಡಾಲ್ಫಿನ್ ಅಭಯಧಾಮ ಎಂದು ಘೋಷಿಸಿತು. ಮೇಲ್ನೋಟಕ್ಕೆ ಒಳ್ಳೆಯ ಕಥೆಯೇ. ನನಗೆ ಮಾತ್ರ ಇದು ಛತ್ರದ ಊಟದ ಹಾಗೆ ಕಾಣುತ್ತದೆ, ಛತ್ರ ಮುಚ್ಚಿದ ದಿನ ಏನು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಆ ಪ್ರಶ್ನೆಗೆ ವಿಕ್ಟೋರಿಯಾದ ಹೇಜಲ್‌ವುಡ್ ಉತ್ತರ ಕೊಟ್ಟಿದೆ. ಮಾರ್ವೆಲ್ ಊರಿನ ಬಳಿ ಆ ಸ್ಥಾವರದ ನೀರು ತಣಿಸಲೆಂದೇ ಒಂದು ಕೆರೆ ಕಟ್ಟಿದ್ದರು. ಸುತ್ತ ಚಳಿ ಕೊರೆಯುವಾಗಲೂ ಕೆರೆ ಬೆಚ್ಚಗಿರುತ್ತಿತ್ತು. ಯಾರೋ ಅಕ್ವೇರಿಯಂನಿಂದ ತಂದು ಬಿಟ್ಟ ಉಷ್ಣವಲಯದ ಮೀನುಗಳು ಅಲ್ಲಿ ಸಂಸಾರ ಹೂಡಿದ್ದವು. 2016ರಲ್ಲಿ ಮೀನುಗಾರಿಕೆ ಇಲಾಖೆಯೇ, ಹವ್ಯಾಸಿ ಮೀನುಗಾರರಿಗಾಗಿ, ಉತ್ತರದ ಬಿಸಿ ಸೀಮೆಯ ಬಾರಾಮಂಡಿ ಮರಿಗಳನ್ನು ತಂದು ಬಿಟ್ಟಿತು. ಬಂಗಾಳಿಗಳು ಭೆಟ್ಕಿ ಎಂದು ಹಬ್ಬ ಮಾಡುವುದು ಈ ಮೀನನ್ನೇ. 2017ರ ಮಾರ್ಚ್‌ನಲ್ಲಿ ಸ್ಥಾವರ ಮುಚ್ಚಿತು. ಮುಂದೆ ಚಳಿಗಾಲ ಬಂತು, ಒಲೆ ಆರಿದ ಕೆರೆ ತಣ್ಣಗಾಯಿತು, ಬಾರಾಮಂಡಿಗಳು ಸತ್ತವು.

ಶಾಖವೂ ಒಂದು ಮಾಲಿನ್ಯ ಎಂದು ಜಗತ್ತು ಒಪ್ಪಲು ತಡವಾಯಿತು. ಅಮೆರಿಕದ 1972ರ ಜಲ ಕಾಯಿದೆ ಮಾಲಿನ್ಯಕಾರಕಗಳ ಪಟ್ಟಿಯಲ್ಲಿ "ಶಾಖ" ಎಂಬ ಮಾತನ್ನೇ ಬರೆಯಿತು. ಭಾರತದ 1974ರ ಜಲ ಕಾಯಿದೆ ನೀರಿನ ಭೌತಿಕ ಗುಣದ ಬದಲಾವಣೆಯನ್ನೂ ಮಾಲಿನ್ಯದ ವ್ಯಾಖ್ಯೆಯೊಳಗೆ ತಂದಿತು. ಆಮೇಲಿನ ನಿಯಮಗಳಲ್ಲಿ ಡಿಗ್ರಿಗಳೂ ಬಂದವು. 1999ರ ಜೂನ್ ನಂತರ ಶುರುವಾಗುವ ಉಷ್ಣ ವಿದ್ಯುತ್ ಸ್ಥಾವರಗಳು ನದಿ, ಕೆರೆ, ಜಲಾಶಯದ ನೀರು ಬಳಸುವುದಾದರೆ ಕೂಲಿಂಗ್ ಟವರ್ ಕಟ್ಟಲೇಬೇಕು ಎಂದಾಯಿತು.

ಈಗ ನಮ್ಮೂರಿಗೆ ಬರೋಣ, ಉತ್ತರ ಕನ್ನಡದ ಕೈಗಾಕ್ಕೆ. ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅಷ್ಟರೊಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲು. ಕದ್ರಾ ಜಲಾಶಯದ ದಡದಲ್ಲಿ ಅಣುಸ್ಥಾವರ. ಎಂಬತ್ತರ ದಶಕದಲ್ಲಿ ಇದರ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಮಾತು ಹೇಳುವುದಕ್ಕೆಂದೇ ಲೋಕಸಭೆ ಚುನಾವಣೆಗೆ ನಿಂತು ಸೋತರು. ಕಾದಂಬರಿಕಾರ ಕಾರಂತರನ್ನು ಓದಿ ಎಂ.ಎ. ಮುಗಿಸಿದ ನಮ್ಮಂಥವರು ಆ ಕಾರಂತರನ್ನು ಪಠ್ಯದಲ್ಲಿ ಅಷ್ಟಾಗಿ ಕಾಣಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿದಾಗ ಭಯ ಇನ್ನಷ್ಟಾಯಿತು. ಸಹಜವಾಗಿಯೇ ಜನರ ಮನಸ್ಸಿನಲ್ಲಿ ವಿಕಿರಣದ ಅಂಜಿಕೆ ಮುಂದಿತ್ತು. ಬಿಸಿನೀರಿನ ಮಾತು ಹಿಂದಿನ ಸಾಲಿನಲ್ಲಿ ಕೂತಿತು.

ಆದರೆ ದಿನದಿನವೂ ನಡೆಯುವುದು ಅದೇ. 2000ದಿಂದ 2011ರೊಳಗೆ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಕೆಲಸ ಶುರುಮಾಡಿದವು. ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು, ಹೆಮ್ಮೆಯ ವಿಷಯವೇ. ಈ ಬಗೆಯ ಒಂದು ಘಟಕ 220 ಮೆಗಾವಾಟ್ ಕರೆಂಟು ಕೊಡಬೇಕಾದರೆ ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ನಾಲ್ಕೂ ಪೂರ್ತಿ ಓಡಿದರೆ ಕರೆಂಟಾಗದೆ ಉಳಿಯುವ ಶಾಖ 2,000 ಮೆಗಾವಾಟಿಗೂ ಹೆಚ್ಚು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಎರಡು ಕಿಲೋವಾಟಿನ ಹತ್ತು ಲಕ್ಷ ಗೀಸರ್‌ಗಳನ್ನು ಹಗಲೂ ರಾತ್ರಿ ಆರಿಸದೆ ಇಟ್ಟ ಹಾಗೆ. ಅದರ ಬಹುಪಾಲನ್ನು ಹೊರುವುದು ಕದ್ರಾದ ನೀರು.

ಸ್ಥಾವರದ ಪರವಾಗಿ ಹೇಳುವ ಮಾತಿನಲ್ಲೂ ನ್ಯಾಯವಿದೆ. ಬಿಸಿನೀರು ಹಗುರ, ಮೇಲೆಯೇ ಹರಡಿ ಗಾಳಿಗೆ ಆರುತ್ತದೆ, ಮೀನಿಗೆ ಕೆಳಗಿಳಿಯಲು ತಂಪಾದ ನೀರು ಉಳಿದಿರುತ್ತದೆ. ಸರಿ. ಆದರೆ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೆಳಕು ಕಡಿಮೆ, ಮೀನಿನ ಮರಿ ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದು ಮೇಲ್ಪದರದಲ್ಲಿ. ನನಗೆ ಅದಕ್ಕಿಂತ ಮುಖ್ಯ ಎನಿಸುವುದು ಇನ್ನೊಂದು ಸಂಗತಿ. ನಮ್ಮ ನಿಯಮಗಳು "ಇಷ್ಟು ಡಿಗ್ರಿ ಹೆಚ್ಚಬಹುದು" ಎಂದು ವ್ಯತ್ಯಾಸವನ್ನು ಅಳೆಯುತ್ತವೆ. 12 ಡಿಗ್ರಿಯ ಯುರೋಪಿನ ನದಿಗೆ ಐದು ಡಿಗ್ರಿ ಸೇರಿದರೆ 17, ಅಲ್ಲಿನ ಬೇಸಿಗೆಯಷ್ಟು. ಏಪ್ರಿಲ್ ತಿಂಗಳ ಕರಾವಳಿಯಲ್ಲಿ 30 ಡಿಗ್ರಿಯ ಆಸುಪಾಸಿನ ನೀರಿಗೆ ಅದೇ ಐದು ಸೇರಿದರೆ? ನಮ್ಮ ಸೀಮೆಯ ಮೀನುಗಳು ತಾಳಿಕೆಯ ಮೇಲ್ಮಿತಿಗೆ ಮೊದಲೇ ಹತ್ತಿರ ಬದುಕುತ್ತಿರುತ್ತವೆ. ತುಂಬಿದ ಪಾತ್ರೆಗೆ ಇನ್ನೊಂದು ಲೋಟ ಹಾಕಿದಂತೆ.

ಹಾಗಾದರೆ ಬೀಳುವ ನೀರಿನ ಕರೆಂಟೇ ಒಳ್ಳೆಯದಿತ್ತಲ್ಲ ಎನ್ನಬಹುದು. ಈ ನಂಬಿಕೆಯನ್ನು ಅಲುಗಾಡಿಸಿದ್ದು ಆಸ್ಟ್ರೇಲಿಯಾದ ಮರ್ರೆ ನದಿ. ಬ್ರಿಸ್ಬೇನಿನಿಂದ ಎರಡು ಗಂಟೆ ದೂರದ ವಾರ್ವಿಕ್‌ನಲ್ಲಿ ಹರಿಯುವ ಕಂಡಮೈನ್ ನದಿಯೂ ಡಾರ್ಲಿಂಗ್ ಮೂಲಕ ಈ ಮರ್ರೆಗೇ ಸೇರಿ, ಅಡಿಲೇಡಿನ ಆಚೆ ಗೂಲ್ವಾದ ಬಳಿ ಸಮುದ್ರ ಕಾಣುತ್ತದೆ. ಆ ಕೆಳದಂಡೆಯ ಮೂಲನಿವಾಸಿ ನರಿಂಜೆರಿ ಜನರ ಪುರಾಣದಲ್ಲಿ ಪೊಂಡೆ ಎಂಬ ಮಹಾಮೀನು ಓಡುತ್ತ ಬಾಲ ಬೀಸಿದ್ದರಿಂದಲೇ ನದಿಗೆ ತಿರುವುಗಳು ಬಂದವು. ಆ ಮೀನೇ ಮರ್ರೆ ಕಾಡ್, ನೂರು ಕಿಲೋ ದಾಟಿ ಬೆಳೆಯಬಲ್ಲದು. ನಮ್ಮ ಮತ್ಸ್ಯಾವತಾರ ಕೇಳಿ ಬೆಳೆದವರಿಗೆ ಈ ಕಥೆ ಅಪರಿಚಿತವೆನಿಸದು.

ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ದಾಟಿದ ಮೇಲೆ ಈ ಮೀನು ಮೊಟ್ಟೆಯಿಡುತ್ತದೆ, ಗಂಡು ಕಾವಲು ಕಾಯುತ್ತದೆ. ಅದರ ಪಂಚಾಂಗ ನೀರಿನ ಬಿಸಿಯೇ. 1936ರಲ್ಲಿ ಹ್ಯೂಮ್ ಅಣೆಕಟ್ಟು, 1979ರಲ್ಲಿ ಮಿಟಾ ಮಿಟಾ ನದಿಗೆ 180 ಮೀಟರ್ ಎತ್ತರದ ಡಾರ್ಟ್‌ಮತ್ ಅಣೆಕಟ್ಟು ಬಂದವು. ಆಳವಾದ ಜಲಾಶಯದ ತಳಕ್ಕೆ ಬಿಸಿಲು ತಾಕುವುದಿಲ್ಲ. ಬೇಸಿಗೆಯಲ್ಲಿ ಹೊಲಗಳಿಗೆಂದು ಬಿಡುವುದು ಆ ಆಳದ ಕೊರೆಯುವ ನೀರನ್ನೇ. ಬೆಚ್ಚಗಿರಬೇಕಾದ ಡಿಸೆಂಬರಿನಲ್ಲಿ ನದಿಗೆ ಚಳಿ. ಆಸೆಗೆ ತಣ್ಣೀರೆರಚುವುದು ಎನ್ನುತ್ತೇವಲ್ಲ, ಇಲ್ಲಿ ಅಕ್ಷರಶಃ ಅದೇ. ಡಾರ್ಟ್‌ಮತ್‌ನ ಕೆಳಗೆ ದೇಸಿ ಮೀನುಗಳು ಮಾಯವಾದವು. ಯುರೋಪಿನಿಂದ ತಂದು ಬಿಟ್ಟಿದ್ದ, ತಣ್ಣೀರು ಬಯಸುವ ಟ್ರೌಟ್ ಸೊಂಪಾಗಿ ಬೆಳೆಯಿತು. ಇಲ್ಲಿನ ವಿಜ್ಞಾನಿಗಳು ಇದನ್ನು ತಣ್ಣೀರಿನ ಮಾಲಿನ್ಯ ಎಂದೇ ಕರೆಯುತ್ತಾರೆ.

ನ್ಯೂ ಸೌತ್ ವೇಲ್ಸ್‌ನ ಬರೆಂಡಾಂಗ್ ಅಣೆಕಟ್ಟಿನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ. 2014ರಲ್ಲಿ, ನೀರು ಒಳಸೇರುವ ಗೋಪುರದ ಸುತ್ತ ದೊಡ್ಡದೊಂದು ಪರದೆ ಇಳಿಬಿಟ್ಟರು. ತಳದ ನೀರಿಗೆ ಅಡ್ಡ ನಿಂತು ಮೇಲಿನ ಬೆಚ್ಚನೆಯ ನೀರನ್ನು ಒಳಗೆ ಬಿಡುವ ಪರದೆ. ಅಣೆಕಟ್ಟು ಅಲ್ಲೇ ಇದೆ, ರೈತರ ನೀರೂ ಇದೆ, ನೀರೆತ್ತುವ ಮಟ್ಟ ಮಾತ್ರ ಬದಲಾಯಿತು.

ಕಾಳಿಯಲ್ಲಿ ಎರಡೂ ಕಥೆಗಳು ಒಂದೇ ನದಿಯ ಮೇಲೆ ನಡೆದಿವೆ. ಮೇಲೆ 101 ಮೀಟರ್ ಎತ್ತರದ ಸೂಪಾ, ಕೆಳಗೆ ಕದ್ರಾದ ಬಿಸಿನೀರು. ನಮ್ಮ ಸೀಮೆಯಲ್ಲಿ ತಳದ ನೀರು ಇಲ್ಲಿನಷ್ಟು ಕೊರೆಯುವುದಿಲ್ಲ, ನಿಜ. 2018ರ ಡಿಸೆಂಬರಿನಲ್ಲಿ ಕೈಗಾದ ಐದು ಮತ್ತು ಆರನೆಯ ಘಟಕಗಳಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ಇವು ತಲಾ 700 ಮೆಗಾವಾಟಿನವು, ಈಗಿರುವ ನಾಲ್ಕೂ ಸೇರಿದರೂ 880 ಮಾತ್ರ. ಕೂಲಿಂಗ್ ಟವರ್ ಇದ್ದರೆ ಶಾಖ ಗಾಳಿಗೆ ಹೋಗುತ್ತದೆ, ಆದರೆ ಅದರ ಜೊತೆ ನೀರೂ ಆವಿಯಾಗಿ ಹೋಗುತ್ತದೆ. ಇಲ್ಲದಿದ್ದರೆ ನೀರು ಉಳಿಯುತ್ತದೆ, ಶಾಖ ನದಿಗೆ ಬೀಳುತ್ತದೆ. ಇಲ್ಲಿ ಹಲವು ನದಿಗಳ ಮಾಪನ ಕೇಂದ್ರಗಳು ನೀರಿನ ತಾಪಮಾನವನ್ನು ಇಂಟರ್ನೆಟ್ಟಿನಲ್ಲೇ ತೋರಿಸುತ್ತವೆ. ಕದ್ರಾದ ಮೇಲಿನ ನೀರು, ತಳದ ನೀರು, ಅಣೆಕಟ್ಟಿನ ಕೆಳಗಿನ ನೀರು ಇವತ್ತು ಎಷ್ಟು ಡಿಗ್ರಿ ಎಂದು ಕಾಳಿಯ ಮೀನುಗಾರರು ತಮ್ಮ ಫೋನಿನಲ್ಲೇ ನೋಡುವಂತಿರಬೇಕು, ಅದೂ ಹೊಸ ಘಟಕಗಳು ಓಡಲು ಶುರುವಾಗುವ ಮೊದಲೇ.