ಕವಳದ ಸಂಚಿಯಲ್ಲಿದೆ ಘಟ್ಟದ ಮಣ್ಣಿಗೆ ಮದ್ದು

ಇವತ್ತಿನ ಕಂತು ಮಣ್ಣಿನ ಚರಿತ್ರೆ. ಬೋರ್ ಅನ್ನಬೇಡಿ! ಮಳೆಗಾಲದಲ್ಲಿ ಶಿರಸಿಯಿಂದ ಕುಮಟೆಗೆ, ಯಲ್ಲಾಪುರದಿಂದ ಅಂಕೋಲೆಗೆ ಬಸ್ಸು ಹೋಗುತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ಇದೇ ಮಣ್ಣು.

2021ರ ಜುಲೈ ನೆನಪಿದೆಯಾ? ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಮಣ್ಣುಪಾಲಾದವು. ಅದೇ ಮಳೆಗೆ ಅರಬೈಲ್ ಘಟ್ಟದ ಹೆದ್ದಾರಿಯೂ ಕುಸಿದು ಸಂಚಾರ ನಿಂತಿತು.

ಆದರೆ ಶಿರಸಿ, ಸಿದ್ದಾಪುರ ಸೀಮೆಯ ಹಳೇ ಮನೆಗಳನ್ನ ನೋಡಿ. ಅವೂ ಮಣ್ಣಿನ ಗೋಡೆಗಳೇ. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಹದ ಮಾಡಿ ಕಟ್ಟಿದ್ದು. ಹುಲ್ಲು ಯಾಕೆ? ಮಣ್ಣು ಒತ್ತಡ ತಡೆಯುತ್ತೆ, ಎಳೆದರೆ ಬಿರಿಯುತ್ತೆ. ಆ ಎಳೆತವನ್ನ ನಾರು ಹಿಡಿದುಕೊಳ್ಳುತ್ತೆ. ಈ ಉಪಾಯ ನಮ್ಮೊಬ್ಬರದ್ದೇ ಅಲ್ಲ. ಬಾಗ್ದಾದ್ ಹತ್ತಿರದ ಅಕರ್ ಕುಫ್‌ನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಇಟ್ಟಿಗೆ ಗೋಪುರ ಇದೆ. ಅದರ ಪದರಗಳ ನಡುವೆ ಜೊಂಡಿನ ಚಾಪೆ ಹಾಸಿದ್ದು ಇವತ್ತಿಗೂ ಕಾಣುತ್ತೆ.

ಇನ್ನು ಸುಣ್ಣ. ಜೇಡಿಮಣ್ಣಿಗೆ ಸುಣ್ಣ ಬಿದ್ದರೆ ಅದರ ಅಂಟುತನ ಬೇಗ ಇಳಿದು, ಮಣ್ಣು ಕಾಳುಕಾಳಾಗುತ್ತೆ. ಆಮೇಲೆ ತಿಂಗಳುಗಟ್ಟಲೆ ಅದು ಮಣ್ಣಿನೊಳಗಿನ ಸಿಲಿಕಾ, ಅಲ್ಯುಮಿನಾ ಜೊತೆ ಕೂಡಿ ಗಟ್ಟಿಯಾಗ್ತಾ ಹೋಗುತ್ತೆ. ಹುಬ್ಬಳ್ಳಿ ಕಡೆಯ ಎರೆಮಣ್ಣಿಗೆ ಇದು ಒಳ್ಳೇ ಮದ್ದು. ಜಂಬಿಟ್ಟಿಗೆಯ ಅಡಿಯಲ್ಲಿ ಸಿಗೋ ಶೇಡಿ ಮಣ್ಣಿನ ಕಥೆಯೇ ಬೇರೆ. ಒಣಗಿದಾಗ ಕಲ್ಲಿನ ಹಾಗೆ, ನೆನೆದರೆ ಕುಸಿತ. ಜೇಡಿ ಅಂಶ ಕಡಿಮೆ ಇರೋ ಕಡೆ ಸುಣ್ಣಕ್ಕೆ ಕೆಲಸವೂ ಕಡಿಮೆ. ಅಲ್ಲಿ ಸಿಮೆಂಟೇ ಮೇಲು.

ತಮಾಷೆ ಏನಂದ್ರೆ, ನಮ್ಮೂರ ಕವಳದ ಸಂಚಿಯಲ್ಲಿ ಅಡಿಕೆ, ಸುಣ್ಣ ಎರಡೂ ಇರುತ್ತೆ. ಚಾಲಿ ಸುಲಿದ ಮೇಲೆ ಉಳಿಯೋ ಸಿಪ್ಪೆ ಮಾತ್ರ ತೋಟದಂಚಿನಲ್ಲಿ ಕೊಳೆಯುತ್ತೆ. ಆ ಸಿಪ್ಪೆಯ ನಾರನ್ನ ಜಂಬಿಟ್ಟಿಗೆ ಮಣ್ಣಿಗೆ ಬೆರೆಸಿ, ಸಣ್ಣ ರಸ್ತೆಗಳಿಗೆ ಆಗುತ್ತಾ ಅಂತ ಸುರತ್ಕಲ್‌ನ ಎನ್‌ಐಟಿಕೆ ಸಂಶೋಧಕರು ಪರೀಕ್ಷೆ ಮಾಡಿದ್ದಾರೆ. ಪ್ರಬಂಧ ಪ್ರಕಟವಾಗಿದ್ದು 2015ರಲ್ಲಿ. ನಾರಿನ ಜೊತೆ ಸ್ವಲ್ಪ ಸಿಮೆಂಟನ್ನೂ ಸೇರಿಸಿ ನೋಡಿದ್ರು. ಇಂಥ ಕೆಲಸಕ್ಕೆ ನಾರು ಬೇಕಾಗೋದು ಸಾಮಾನ್ಯವಾಗಿ ಮಣ್ಣಿನ ತೂಕದ ಶೇ. 1ರ ಆಸುಪಾಸು, ಅಷ್ಟೇ.

ಹಾಗಾದ್ರೆ ಘಟ್ಟದ ಸಮಸ್ಯೆ ಮುಗೀತಾ? ಇಲ್ಲ. ಇಲ್ಲೇ ಚರಿತ್ರೆ ಬರೋದು.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಬಿಟ್ಟು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಧಾರವಾಡದ ಹತ್ತಿ ಕುಮಟೆ, ಕಾರವಾರದ ಬಂದರಿಗೆ ಇಳಿಯಬೇಕಿತ್ತು. ಅಂದಿನ ದಾರಿ ಎತ್ತಿನ ಗಾಡಿಯಷ್ಟು ಅಗಲ. ಈಗ ಲಾರಿ, ಟ್ಯಾಂಕರ್‌ಗಳಿಗಾಗಿ ಅದನ್ನೇ ಅಗಲ ಮಾಡ್ತೀವಿ. ಅಗಲ ಮಾಡೋದು ಅಂದ್ರೆ ಗುಡ್ಡದ ಕಾಲು ಕಡಿಯೋದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವ ಹೋಯ್ತಲ್ಲ, ಅದನ್ನ ಮರೆಯೋ ಹಾಗಿಲ್ಲ.

ನಾರು, ಸುಣ್ಣ ಬೆರೆಸೋಕಾಗೋದು ನಾವು ಅಗೆದು, ಹರಡಿ, ಕುಟ್ಟಿ ಕೂರಿಸೋ ಮಣ್ಣಿಗೆ. ಅಂದ್ರೆ ರಸ್ತೆಯ ಅಡಿಪದರ, ದಿಬ್ಬ, ಏರಿ. ನೂರಡಿ ಎತ್ತರದ ಗುಡ್ಡದ ಹೊಟ್ಟೆಗೆ ಅದನ್ನ ಬೆರೆಸೋಕಾಗಲ್ಲ. ಅಲ್ಲಿ ಬೇಕಾಗಿರೋದು ಇಳಿಜಾರು ಕಡಿಮೆ ಮಾಡೋದು, ಮರ ಉಳಿಸೋದು, ನೀರಿಗೆ ದಾರಿ ಬಿಡೋದು.

ಹಿರಿಯರು ಗೋಡೆಗೆ ಹುಲ್ಲು ಬೆರೆಸಿ ಸುಮ್ಮನೆ ಕೂರಲಿಲ್ಲ. ಗೋಡೆಗೆ ಮಳೆ ತಾಗದ ಹಾಗೆ ಮಾಡನ್ನ ಕೆಳಗೆ ಇಳಿಸಿದ್ರು, ಅಂಗಳದ ನೀರಿಗೆ ಕಾಲುವೆ ತೆಗೆದ್ರು. ನಾರಿನ ಪಾಠ ಪ್ರಯೋಗಾಲಯಕ್ಕೆ ಬಂತು. ಮಾಡಿನ ಪಾಠ ಘಟ್ಟದ ರಸ್ತೆಗೆ ಬರಬೇಕಷ್ಟೆ.

ನಿಮ್ಮೂರ ರಸ್ತೆಯ ಚರಂಡಿ ಈ ಜೂನ್‌ಗೆ ಮುಂಚೆ ಬಿಡಿಸಿದ್ದಾರಾ? ಒಮ್ಮೆ ನೋಡಿ. ಮುಂದಿನ ಕಂತಲ್ಲಿ ಸಿಗೋಣ.