ಮಿತವ್ಯಯದ ಕ್ರಿಸ್ತಜಯಂತಿ: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸ್ಮರಣ ಸಂಚಿಕೆ ಎಂದೊಡನೆ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುವರ್ಯರ ಪಟ್ಟಿ ಇವು ನೆನಪಿಗೆ ಬರುತ್ತವೆ. ಅವುಗಳಿಗೆ ಈ ಸಂಚಿಕೆಯಲ್ಲಿ ಬೇರೆ ಪುಟಗಳಿವೆ. ಆದರೆ ಈ ನೂರು ವರ್ಷಗಳಲ್ಲಿ ನೂರು ಬಾರಿ ಬಂದುಹೋದ ಕ್ರಿಸ್ತಜಯಂತಿಯನ್ನು ನಮ್ಮ ಹಿರಿಯರು ಯಾವ ಹಣದಿಂದ ಆಚರಿಸಿದರು, ಮಕ್ಕಳ ಕೈಗೆ ಏನನ್ನು ಕೊಟ್ಟರು ಎಂಬ ಚರಿತ್ರೆಯನ್ನು ಬರೆದವರು ವಿರಳ. ಲೆಕ್ಕದ ಪುಸ್ತಕಗಳಲ್ಲಿ ಮೇಣದ ಬತ್ತಿಯ ಬೆಲೆ ಸಿಗುತ್ತದೆ. ತಾಯಿಯೊಬ್ಬಳು ಹಳೆಯ ಸೀರೆಯಿಂದ ಮಗಳಿಗೆ ಲಂಗ ಹೊಲಿದ ಲೆಕ್ಕ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಆ ಲೆಕ್ಕವನ್ನು ನಾವು ಇಲ್ಲಿ ಸ್ವಲ್ಪ ತೆರೆದು ನೋಡಲು ಇಚ್ಛಿಸುತ್ತೇವೆ.

ಇದಕ್ಕೆ ಕಾರಣವುಂಟು. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗಾರರ ಕಾಟವನ್ನು ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಸಂಸಾರಗಳ ಸುದ್ದಿಯನ್ನು ನಾವೆಲ್ಲರೂ ವೃತ್ತಪತ್ರಿಕೆಗಳಲ್ಲಿ ಓದಿದೆವು. ಮರುತಿಂಗಳೇ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಆ ಸಾಲಗಳೆಲ್ಲ ಹಬ್ಬಕ್ಕಾಗಿ ಮಾಡಿದವೆಂದು ನಾವು ಹೇಳುತ್ತಿಲ್ಲ. ಆಸ್ಪತ್ರೆ, ಬೇಸಾಯ, ಮದುವೆ ಇವೇ ಹೆಚ್ಚಿನವು. ಆದರೆ ಈಗಾಗಲೇ ವಾರದ ಕಂತಿಗೆ ಹೆದರುತ್ತಿರುವ ಮನೆಯು ಡಿಸೆಂಬರಿನಲ್ಲಿ ಮಕ್ಕಳ ಬಟ್ಟೆಗೆಂದು ಮತ್ತೊಂದು ಸಾಲವನ್ನು ಎತ್ತಿದರೆ ಅದರ ಭಾರ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ನೋವೂ ಇದೆ. ನಡುರಾತ್ರಿಯ ಪೂಜೆಗೆ ಬಾರದ ಸಂಸಾರಗಳನ್ನು ಮರುದಿನ ವಿಚಾರಿಸಿದಾಗ, "ಹಳೇ ಬಟ್ಟೇಲಿ ಮಕ್ಕಳನ್ನ ಕರ್ಕೊಂಡು ಬರೋಕೆ ನಾಚಿಕೆ ಆಯ್ತು ಸ್ವಾಮಿ" ಎಂಬ ಉತ್ತರವನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇವೆ. ಹರುಕು ಬಟ್ಟೆಯಲ್ಲಿ ಸುತ್ತಿದ ಶಿಶುವಿನ ಹಬ್ಬಕ್ಕೆ ಹೊಸ ಬಟ್ಟೆಯಿಲ್ಲದವರು ಬರಬಾರದೆಂಬ ಕಟ್ಟಳೆಯನ್ನು ಯಾವ ಧರ್ಮಸಭೆಯೂ ಮಾಡಿಲ್ಲ. ಅದು ನಮ್ಮ ನಡುವೆ ತಾನಾಗಿಯೇ ಬೆಳೆದುಬಂದಿದೆ.

ಶುಭಸಂದೇಶವನ್ನೇ ಮೊದಲು ನೋಡೋಣ. ಪ್ರಭು ಕ್ರಿಸ್ತರು ಮಲಗಿದ ಗೋದಲಿ ಅವರಿಗಾಗಿ ಮಾಡಿಸಿದ್ದಲ್ಲ. ಅದಕ್ಕೆ ಮುಂಚೆ ದನಗಳು ಅದರಲ್ಲಿ ಮೇವು ತಿಂದಿದ್ದವು. ಶಿಶುವನ್ನು ದೇವಾಲಯದಲ್ಲಿ ಸಮರ್ಪಿಸಿದಾಗ ಮರಿಯಮ್ಮನವರೂ ಸಂತ ಜೋಸೆಫರೂ ನೀಡಿದ ಕಾಣಿಕೆ ಜೋಡಿ ಹಕ್ಕಿಗಳದು ಎಂದು ಸಂತ ಲೂಕರು ಸೂಚಿಸುತ್ತಾರೆ. ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯವನ್ನು ತೆರೆದು ನೋಡಿದವರಿಗೆ, ಕುರಿಮರಿಯನ್ನು ಕೊಡಲು ಶಕ್ತಿಯಿಲ್ಲದ ಬಡವರಿಗೆಂದು ವಿಧಿಸಿದ ಕಾಣಿಕೆ ಅದೆಂಬುದು ತಿಳಿಯುತ್ತದೆ. ಪವಿತ್ರ ಕುಟುಂಬವು ಕುರಿಮರಿಗಾಗಿ ಸಾಲ ಮಾಡಲಿಲ್ಲ.

ಗೋದಲಿಯನ್ನು ಕಟ್ಟುವ ಪದ್ಧತಿಯ ಮೂಲಪುರುಷರೆಂದು ನಾವು ಸ್ಮರಿಸುವ ಅಸ್ಸಿಸಿಯ ಸಂತ ಫ್ರಾನ್ಸಿಸರ ವಿಚಾರವನ್ನು ಇನ್ನೂ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ ಹಬ್ಬಕ್ಕೆ ಸುಮಾರು ಹದಿನೈದು ದಿನಗಳ ಮುಂಚೆಯೇ ಅವರು ಅಲ್ಲಿನ ಜಿಯೊವಾನ್ನಿ ಎಂಬ ಸಜ್ಜನನನ್ನು ಕರೆಸಿ, ಬೆತ್ಲೆಹೇಮಿನ ಶಿಶು ಅನುಭವಿಸಿದ ಕೊರತೆಯನ್ನು ಕಣ್ಣಾರೆ ಕಾಣುವಂತೆ ಸಿದ್ಧತೆ ಮಾಡಲು ಕೋರಿದರೆಂದು ಚೆಲಾನೊದ ಥಾಮಸರು ಬರೆದಿದ್ದಾರೆ. ಆ ಸಿದ್ಧತೆಯೆಲ್ಲ ಇಷ್ಟೆ: ಒಂದು ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಪ್ರತಿಮೆಗಳಿರಲಿಲ್ಲ. ಜನರು ತಮ್ಮ ಮನೆಗಳಿಂದ ಪಂಜು, ದೀಪಗಳನ್ನು ತಂದರು. ಗೋದಲಿಯ ಮೇಲೆ ದಿವ್ಯಬಲಿಪೂಜೆ ನಡೆಯಿತು. ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧಿಸಿದರು. ಹಬ್ಬ ಮುಗಿದ ಮೇಲೆ ಆ ಹುಲ್ಲನ್ನು ಜನ ಎತ್ತಿಟ್ಟುಕೊಂಡು ಕಾಯಿಲೆಯ ದನಕರುಗಳಿಗೆ ತಿನ್ನಿಸಿದರಂತೆ. ಹಣ ಕೊಟ್ಟು ಕೊಂಡ ವಸ್ತುವಿನ ಮಾತು ಈ ವೃತ್ತಾಂತದಲ್ಲೆಲ್ಲಿಯೂ ಬರುವುದಿಲ್ಲ. ಬಳಸಿ ಎಸೆದ ವಸ್ತುವೂ ಇಲ್ಲ. 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಅರ್ಥವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು. ಇಂದು ವಿದ್ಯುತ್ ದೀಪಗಳ ಸರದಿಂದ ಝಗಝಗಿಸುವ ಕೆಲವು ಗೋದಲಿಗಳನ್ನು ನೋಡಿದರೆ ಬಾಲಯೇಸುವಿಗೆ ನಿದ್ದೆ ಬರುವುದು ಹೇಗೆಂಬ ಸಂಶಯ ನಮಗೆ ಬರುತ್ತದೆ!

ನಮ್ಮ ನಾಡಿಗೆ ಬರೋಣ. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. ಈ ದೇಶದ ಉಡುಪನ್ನೇ ತೊಟ್ಟು, ಇಲ್ಲಿಯ ಜನರ ಆಹಾರವಿಹಾರಗಳಿಗೆ ಹೊಂದಿಕೊಂಡು 1823ರವರೆಗೆ ಬಾಳಿದ ಅವರನ್ನು ಜನರು 'ದೊಡ್ಡಸ್ವಾಮಿ'ಯವರೆಂದು ಕರೆಯುತ್ತಿದ್ದರು. ಇಂತಹ ಗುರುಗಳ ಕೈಯಲ್ಲಿ ಬೆಳೆದ ನಮ್ಮ ಹಬ್ಬವು ಆರಂಭದಿಂದಲೇ ಈ ಮಣ್ಣಿನ ಹಬ್ಬವಾಯಿತೇ ಹೊರತು ಅಂಗಡಿಯ ಹಬ್ಬವಾಗಲಿಲ್ಲ.

ಅದೇ 1799ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲೀನ್ ಜರಿಕೋ ಎಂಬ ಹೆಣ್ಣುಮಗಳು ಹುಟ್ಟಿದಳು. ಲಿಯೋನ್ ಎಂದರೆ ರೇಷ್ಮೆಯ ಪಟ್ಟಣ. ಟಿ. ನರಸೀಪುರದ ಕಡೆಯ ನಮ್ಮ ಓದುಗರು ಇದನ್ನು ಗಮನಿಸಬೇಕು. ರೇಷ್ಮೆ ಉದ್ಯಮಿಯೊಬ್ಬರ ಮಗಳಾದ ಆಕೆ, ರೇಷ್ಮೆಯ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರನ್ನು ಹತ್ತು ಹತ್ತು ಮಂದಿಯ ಗುಂಪುಗಳನ್ನಾಗಿ ಕೂಡಿಸಿ, ವಾರಕ್ಕೊಂದು 'ಸೂ' ಎಂಬ ಚಿಲ್ಲರೆ ಕಾಸನ್ನು ಮಿಷನ್ನುಗಳಿಗಾಗಿ ಎತ್ತುವ ಏರ್ಪಾಡು ಮಾಡಿದಳು. 1822ರಲ್ಲಿ ಅದು ವಿಶ್ವಾಸ ಪ್ರಸಾರ ಸಂಸ್ಥೆಯಾಗಿ ರೂಪುಗೊಂಡಿತು. ಪ್ಯಾರಿಸ್ ಗುರುಗಳ ಏಷ್ಯಾ ಖಂಡದ ಮಿಷನ್ನುಗಳಿಗೆ ಆ ಹಣದ ಪಾಲು ಬರುತ್ತಿತ್ತು. 1843ರಲ್ಲಿ ಧರ್ಮಾಧ್ಯಕ್ಷ ಫೋರ್ಬೆನ್-ಜಾನ್ಸನ್ನರು ಮಕ್ಕಳಿಗಾಗಿಯೇ ಪವಿತ್ರ ಬಾಲ್ಯ ಸಂಸ್ಥೆಯನ್ನು ತೆರೆದು, ತಿಂಗಳಿಗೊಂದು ಕಾಸು, ದಿನಕ್ಕೊಂದು ನಮೋ ಮರಿಯ ಎಂಬ ನಿಯಮವನ್ನಿಟ್ಟರು. ನಮ್ಮ ಹಳೆಯ ದೇವಾಲಯಗಳು ಧನಿಕರ ದಾನದಿಂದ ಎದ್ದವೆಂದು ನಾವು ಭಾವಿಸುವುದುಂಟು. ಆದರೆ ಅವುಗಳ ಹಿಂದೆ ನೂಲು ಬಿಚ್ಚುವ ಹುಡುಗಿಯರ ಬೆರಳುಗಳಿದ್ದವು. ಜರಿಕೋ ಅಮ್ಮನವರ ಕೊನೆಗಾಲವೂ ಇಲ್ಲಿ ಪ್ರಸ್ತುತ. ಕಾರ್ಮಿಕರಿಗಾಗಿ ಅವರು ಆರಂಭಿಸಿದ ಉದ್ಯಮವೊಂದು ಮೋಸಗಾರರ ಕೈಗೆ ಸಿಕ್ಕಿ ಮುಳುಗಿತು; ಅವರು ಸಾಲಗಾರರಿಗೆ ಉತ್ತರ ಹೇಳುತ್ತಲೇ 1862ರಲ್ಲಿ ಬಡವರಾಗಿ ತೀರಿಕೊಂಡರು. 2022ರ ಮೇ 22ರಂದು ಧರ್ಮಸಭೆಯು ಅವರನ್ನು ಪುನೀತರೆಂದು ಘೋಷಿಸಿತು.

1876ರಿಂದ 1878ರವರೆಗಿನ ಧಾತು ಈಶ್ವರ ಬರಗಾಲವನ್ನು ಕುರಿತು ಹೆಚ್ಚು ಹೇಳುವುದಿಲ್ಲ. 1871ರಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಎಂದರೆ ಸಾಕು. ಅನಾಥ ಮಕ್ಕಳಿಗೆ ನೆಲೆಯಾದ ಸಿಲುವೆಪುರದಂತಹ ಊರುಗಳು ಹುಟ್ಟಿದ್ದು ಆ ಕಾಲದಲ್ಲಿ. ಅಂತಹ ವರ್ಷಗಳಲ್ಲಿಯೂ ಡಿಸೆಂಬರ್ 25 ಬಂದಿತು, ಪೂಜೆ ನಡೆಯಿತು.

ನಮಗೆ ಹೆಚ್ಚು ಪರಿಚಿತವಾದುದು ಸ್ವಾತಂತ್ರ್ಯಾನಂತರದ ದಶಕಗಳ ಕಥೆ. 1943ರಲ್ಲಿ ಸ್ಥಾಪಿತವಾದ ಅಮೆರಿಕದ ಕಥೋಲಿಕ ಪರಿಹಾರ ಸಂಸ್ಥೆಯು 1946ರಿಂದ ಭಾರತದಲ್ಲಿ ಕೆಲಸ ಮಾಡತೊಡಗಿತು. ಅಮೆರಿಕದ ಧರ್ಮಕೇಂದ್ರಗಳಲ್ಲಿ ಪ್ರತಿ ನವೆಂಬರಿನಲ್ಲಿ, ಅವರ ಕೃತಜ್ಞತಾ ಹಬ್ಬದ ಸಮಯಕ್ಕೆ, ತೊಟ್ಟು ಬಿಟ್ಟ ಬಟ್ಟೆಗಳನ್ನು ಒಟ್ಟುಗೂಡಿಸಿ ಹಡಗುಗಳಲ್ಲಿ ಬಡ ದೇಶಗಳಿಗೆ ಕಳುಹಿಸುವ ಪದ್ಧತಿಯಿತ್ತು. ನಮ್ಮ ಬಾಲ್ಯದಲ್ಲಿ ಹಾಲಿನ ಪುಡಿ, ಗೋಧಿ ರವೆಗಳ ಜೊತೆಗೆ ಆ ಬಟ್ಟೆಯ ಮೂಟೆಗಳು ಬಂದಿಳಿಯುವುದನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ಹಿಮ ಬೀಳುವ ನಾಡಿನ ಉಣ್ಣೆಯ ನಿಲುವಂಗಿಯನ್ನು ಕಪಿಲಾ ತೀರದ ಬಿಸಿಲಿನಲ್ಲಿ ತೊಡುವವರಾರು? ಆದರೆ ನಮ್ಮ ತಾಯಂದಿರು ಯಾವುದನ್ನೂ ವ್ಯರ್ಥ ಮಾಡಲಿಲ್ಲ. ದೊಡ್ಡವರ ಷರಾಯಿಯಿಂದ ಇಬ್ಬರು ಹುಡುಗರಿಗೆ ಚಡ್ಡಿಗಳಾದವು. ಉಣ್ಣೆಯ ನಿಲುವಂಗಿಯು ಹರಿದ ಸೀರೆಗಳ ನಡುವೆ ಪದರವಾಗಿ ಸೇರಿ ಕೌದಿಯಾಯಿತು. ಯಾವುದೋ ದೂರದ ಊರಿನ ಮನೆಯ ಬಟ್ಟೆ, ನಮ್ಮ ಅಜ್ಜಿಯ ಸೀರೆ, ನಮ್ಮ ತಾಯಿಯ ಹೊಲಿಗೆ ಈ ಮೂರೂ ಸೇರಿದ ಆ ಕೌದಿಯ ಕೆಳಗೆ ಮಲಗಿದ ಮಕ್ಕಳು ಹಬ್ಬದ ಚಳಿಯನ್ನು ಕಳೆದರು.

ಆ ಮೂಟೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. ಬಟ್ಟೆ ಒಳ್ಳೆಯದಾಗಿತ್ತು; ಅದನ್ನು ಹಂಚಿದ ರೀತಿ ಅನೇಕ ಕಡೆ ಒಳ್ಳೆಯದಾಗಿರಲಿಲ್ಲ. ಎಲ್ಲರೆದುರು ಸಾಲು ನಿಲ್ಲಿಸಿ, ಹೆಸರು ಕೂಗಿ ಕೊಟ್ಟ ಅಂಗಿಯನ್ನು ತೊಟ್ಟ ಮಗು, ಶಾಲೆಯಲ್ಲಿ 'ಮೂಟೆ ಅಂಗಿ' ಎಂಬ ಹಂಗಿಸುವ ಮಾತನ್ನೂ ತೊಟ್ಟುಕೊಳ್ಳಬೇಕಾಗುತ್ತಿತ್ತು. ಇದಕ್ಕೆ ವಿರುದ್ಧವಾದ ಮೇಲ್ಪಂಕ್ತಿಯನ್ನು ಪುನೀತ ಫ್ರೆಡರಿಕ್ ಓಜನಾಂ ಮತ್ತು ಅವರ ಸಂಗಾತಿಗಳು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದಿ ಪೌಲರ ಸಭೆಯು ತೋರಿಸಿಕೊಟ್ಟಿದೆ. ಅದರ ಸದಸ್ಯರು ಬಡವರನ್ನು ಕರೆಸಿಕೊಳ್ಳುವುದಿಲ್ಲ. ತಾವೇ ಅವರ ಮನೆಗೆ ಹೋಗಿ, ಕುಳಿತು, ಮಾತನಾಡಿ ಬರುತ್ತಾರೆ. ಅಲ್ಲದೆ ಬಳಸಿದ ವಸ್ತುವನ್ನು ಕೈಬದಲಿಸುವುದು ಬಡವರ ಪದ್ಧತಿ ಮಾತ್ರವಲ್ಲ. ಪ್ರಥಮ ಪರಮಪ್ರಸಾದದ ಬಿಳಿಯ ಉಡುಪು ಅಕ್ಕನಿಂದ ತಂಗಿಗೆ, ತಂಗಿಯಿಂದ ಚಿಕ್ಕಪ್ಪನ ಮಗಳಿಗೆ ಹೋಗುವಾಗ ಯಾರೂ ನಾಚಿಕೊಳ್ಳುವುದಿಲ್ಲ. ಅದನ್ನು ಆಶೀರ್ವಾದವೆಂದೇ ತಿಳಿಯುತ್ತೇವೆ. ಇದೇ ಭಾವವನ್ನು ಹಬ್ಬದ ಅಂಗಿಗೂ ಏಕೆ ವಿಸ್ತರಿಸಬಾರದು?

ಹಿಂದಿನ ಹಬ್ಬದಲ್ಲಿ ಸಿದ್ಧತೆಗೆ ಕಾಲವಿತ್ತು. 1917ರ ಧರ್ಮಸಂಹಿತೆಯ ಪ್ರಕಾರ ಹಬ್ಬದ ಮುನ್ನಾದಿನ ಉಪವಾಸದ ದಿನ. 1966ರಲ್ಲಿ ಜಗದ್ಗುರು ಆರನೆಯ ಪೌಲರು ತಪಸ್ಸಿನ ನಿಯಮಗಳನ್ನು ಪರಿಷ್ಕರಿಸಿದ ಮೇಲೆ ಆ ಕಟ್ಟಳೆ ಸಡಿಲವಾಯಿತು. ಕಟ್ಟಳೆ ಹೋದುದಕ್ಕೆ ನಾವು ಮರುಗುತ್ತಿಲ್ಲ. ಆದರೆ ಅದರೊಂದಿಗೆ ಆಗಮನ ಕಾಲದ ನಾಲ್ಕು ವಾರಗಳೂ ಕೈಬಿಟ್ಟುಹೋದಂತಾಗಿ, ಎಲ್ಲವೂ ಡಿಸೆಂಬರ್ 23ರ ಸಂಜೆಯ ಅಂಗಡಿಗೆ ಬಂದು ನಿಂತಿದೆ. ಹಬ್ಬದ ದುಬಾರಿತನಕ್ಕೆ ಅರ್ಧ ಕಾರಣ ಈ ಅವಸರವೇ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಆ ನಾಲ್ಕು ವಾರಗಳನ್ನು ಮರಳಿ ಪಡೆಯಬೇಕೆಂದು ನಮ್ಮ ಕೋರಿಕೆ. ಆಗಮನ ಕಾಲದ ಮೊದಲ ದಿನದಿಂದ ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟರೆ ಹಬ್ಬದ ಕಜ್ಜಾಯಕ್ಕೆ ಅಂಗಡಿಯ ಅಕ್ಕಿ ಬೇಡ. ಕಜ್ಜಾಯದ ಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ ಕೆಲವು ದಿನ ಇಟ್ಟರೆ ರುಚಿ ಹೆಚ್ಚು ಎಂಬುದನ್ನು ನಮ್ಮ ತಾಯಂದಿರಿಗೆ ಗುರುಗಳು ಕಲಿಸಬೇಕಾಗಿಲ್ಲ. ಗೋದಲಿಯ ಹಸಿರಿಗೆ ಡಿಸೆಂಬರ್ 14 ಅಥವಾ 15ರಂದು ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒಡೆದ ಮಡಕೆಯ ಬಾಯಿಯಲ್ಲೋ ತೆಂಗಿನ ಚಿಪ್ಪಿನಲ್ಲೋ ಗೊಬ್ಬರ ಬೆರೆತ ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಬೇಕು. ದಿನಕ್ಕೆರಡು ಬಾರಿ ಕೈಯಿಂದ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಎರಡು ಮೂರು ಅಂಗುಲದ ಪೈರು ನಿಲ್ಲುತ್ತದೆ. ಈ ಕೆಲಸವನ್ನು ಮನೆಯ ಅತಿ ಚಿಕ್ಕ ಮಗುವಿಗೆ ಒಪ್ಪಿಸಬೇಕು. ಪ್ಲಾಸ್ಟಿಕ್ಕಿನ ಹುಲ್ಲಿಗೆ ಬಾಲಯೇಸುವನ್ನು ಕಾಯುವ ಸುಖ ಗೊತ್ತಿಲ್ಲ. ಬತ್ತದ ಕೊಯ್ಲು ಆದ ಮನೆಗಳಲ್ಲಿ ಹೊಸ ಹುಲ್ಲಿಗೆ ಕೊರತೆಯಿಲ್ಲ. ಟಿ. ನರಸೀಪುರದ ರೇಷ್ಮೆ ಮನೆಗಳಲ್ಲಿ ಮುರಿದುಬಿದ್ದ ಚಂದ್ರಿಕೆಯ ಬಿದಿರು ದಬ್ಬೆಗಳು ನಕ್ಷತ್ರದ ಚೌಕಟ್ಟಿಗೆ ಸಾಲದೇ? ಗಾಳಿಪಟದ ಕಾಗದ, ಮೈದಾ ಗೋಂದು ಇಷ್ಟಿದ್ದರೆ ನಕ್ಷತ್ರ ಸಿದ್ಧ. ನಂಜನಗೂಡಿನ ರಸಬಾಳೆಯು ಸೊರಗು ರೋಗಕ್ಕೆ ಸಿಕ್ಕಿ ವಿರಳವಾಗಿದೆ, ನಿಜ. ಆದರೂ ಹಿತ್ತಿಲಿನಲ್ಲಿ ಬೆಳೆದ ಯಾವ ಬಾಳೆಯ ಚಿಪ್ಪಾದರೂ ನೆರೆಮನೆಗೆ ಒಯ್ಯುವ ತಟ್ಟೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಮಕ್ಕಳ ಉಡುಗೊರೆಯ ಮಾತು ಉಳಿಯಿತು. ಒಂದು ಮಗು ಓದಿ ಮುಗಿಸಿದ ಪುಸ್ತಕಕ್ಕೆ ಹೊಸ ರಟ್ಟು ಹಾಕಿದರೆ ಮತ್ತೊಂದು ಮಗುವಿಗೆ ಅದು ಹೊಸ ಪುಸ್ತಕ. ಚಕ್ರ ಕಳೆದುಕೊಂಡ ಮರದ ಬಂಡಿಗೆ ಚಕ್ರ ಕೂಡಿಸಲು ನಮ್ಮ ಧರ್ಮಕೇಂದ್ರದಲ್ಲಿ ಬಡಗಿಗಳಿಗೇನು ಬರವಿಲ್ಲ. ಅವರ ಪಾಲಕರಾದ ಸಂತ ಜೋಸೆಫರೂ ಅದೇ ಕಸುಬಿನವರು. ಉಳ್ಳವರೂ ಇಲ್ಲದವರೂ ಎಲ್ಲರೂ ಕೊಡಬೇಕು, ಎಲ್ಲರೂ ಪಡೆಯಬೇಕು ಎಂಬುದೊಂದೇ ನಮ್ಮ ನಿರ್ಬಂಧ. ಕೊಡುವವರ ಸಾಲು ಬೇರೆ, ಪಡೆಯುವವರ ಸಾಲು ಬೇರೆ ಆಗಕೂಡದು.

ಬಟ್ಟೆ, ಪುಸ್ತಕ, ಆಟದ ಸಾಮಾನುಗಳನ್ನು ಆಗಮನ ಕಾಲದ ಎರಡನೆಯ ಭಾನುವಾರ ಪೂಜೆಯ ನಂತರ ಗುರುನಿವಾಸದ ಹಿಂಬದಿಯ ಕೋಣೆಗೆ ತಲುಪಿಸಬೇಕು. ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಕಳಚಿದ ಗುಂಡಿಗಳನ್ನು ಹೊಲಿದು ತರಬೇಕು. ತಮ್ಮ ಮಕ್ಕಳಿಗೆ ತೊಡಿಸಲು ಹಿಂಜರಿಯುವಂತಹುದನ್ನು ತರಬಾರದು. ಗಂಟಿನ ಮೇಲೆ ಮಗುವಿನ ವಯಸ್ಸಿಗೆ ತಕ್ಕ ಅಳತೆಯನ್ನು ಬರೆದರೆ ಸಾಕು, ಕೊಟ್ಟವರ ಹೆಸರು ಬೇಡ. ಮೂರನೆಯ ವಾರ ಮಾತೆಯರ ಸಂಘದವರು ಅವುಗಳನ್ನು ಮನೆಮನೆಗೆ ಕೊಂಡೊಯ್ಯುವರು. ಗೋದಲಿಯ ಹುಲ್ಲನ್ನು ಮೂವರು ರಾಜರ ಹಬ್ಬದ ಮರುದಿನ, ದನ ಕಟ್ಟಿರುವವರು ಕೇಳಿ ಪಡೆಯಬಹುದು.